ಕುಣಿಯಬಹುದಾದ ಮಗು ಓದಬಾರದೇಕೆ?

ಆಗಸ್ಟ್ 15ರ ಪೂರ್ವಭಾವಿ ಸಭೆ ಮುಗಿಸಿ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಮೂಡಿಗೆರೆ ಕಡೆಯ ನಮ್ಮ ಊರಿನ ಸುತ್ತ ಕಾಫಿ ತೋಟಗಳು; ನಾನು ಮೇಷ್ಟ್ರು.

ಧ್ವಜಾರೋಹಣದ ನಂತರ ಸಂವಿಧಾನದ ಪೀಠಿಕೆಯನ್ನು ಐದನೇ ತರಗತಿಯ ಹುಡುಗಿಯೊಬ್ಬಳು ಓದಲಿ ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಸಲಹೆ ಇಟ್ಟರು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗಳು ಅವಳು, ವಾಸ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ. ಹಿರಿಯರೊಬ್ಬರು ತಟ್ಟನೆ ಹೇಳಿದರು: “ಬೇಡ ಮೇಡಂ, ಅದರ ಉಚ್ಚಾರಣೆ ಸರಿಯಿಲ್ಲ. ಗಣ್ಯರ ಮುಂದೆ ತಡವರಿಸಿದರೆ ಊರಿನ ಮರ್ಯಾದೆ ಏನಾಗಬೇಕು? ಬೇಕಾದರೆ ಲೈನಿನ ಮಕ್ಕಳೆಲ್ಲ ಸೇರಿ ಒಂದು ನೃತ್ಯ ಮಾಡಲಿ.” ಸುತ್ತಲಿದ್ದವರು ತಲೆದೂಗಿದರು.

ಹುಡುಗಿಯ ತಾಯಿ ಬಾಗಿಲ ಬಳಿಯೇ ನಿಂತಿದ್ದರು. ಗಂಬೂಟಿಗೆ ತೋಟದ ಕೆಸರು ಇನ್ನೂ ಮೆತ್ತಿಕೊಂಡಿತ್ತು. ಮಗಳ ಓದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದರು. ಒಳಗೆ ಯಾರೂ ಕೇಳಲಿಲ್ಲ. ನಾನು ಜಗಲಿಯಲ್ಲಿ ನಿಂತು ಕೇಳಿದೆ. ‘ಭ್ರಾತೃತ್ವ’ ಬಂದಾಗ ಮಗು ಒಂದು ಕ್ಷಣ ತಡೆದು, ಉಸಿರು ಎಳೆದುಕೊಂಡು, ಅಚ್ಚುಕಟ್ಟಾಗಿ ಹೇಳಿತು. ನಮ್ಮ ಎಷ್ಟು ಜನ ಭಾಷಣಕಾರರು ಅದನ್ನು ಹಾಗೆ ಹೇಳಬಲ್ಲರು?

ಕುಣಿಯುವುದಕ್ಕೆ ಆಗುವ ಮಕ್ಕಳು ಮಾತಾಡುವುದಕ್ಕೆ ಏಕೆ ಆಗಬಾರದು? ನನ್ನ ಜಗಳ ಇರುವುದು ಇಷ್ಟಕ್ಕೇ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಾಗ ಊರಿನವರು ಅಮಲ್ದಾರನನ್ನಾಗಿ, ಅಂದರೆ ತಾಲ್ಲೂಕಿನ ಅಧಿಕಾರಿಯನ್ನಾಗಿ ಮಾಡಿದ್ದು ಜಯಣ್ಣ ಎಂಬ ಹುಡುಗನನ್ನು. ಮುಂದೆ ಆ ಊರಿನ ಐವರು 1943ರಲ್ಲಿ ಗಲ್ಲಿಗೇರಿದರು. ಪ್ರಾಣವನ್ನೇ ಒತ್ತೆಯಿಟ್ಟವರು ಒಬ್ಬ ಹುಡುಗನ ಕೈಗೆ ಅಧಿಕಾರ ಕೊಟ್ಟರು. ನಮಗೆ ಒಂದು ಮಗುವಿನ ಕೈಗೆ ಮೈಕು ಕೊಡಲು ಹಿಂಜರಿಕೆ.

ಇನ್ನೊಂದು ಮಾತು. 1947ರ ಆಗಸ್ಟ್ 15ರಂದು ನಮ್ಮ ಚಿಕ್ಕಮಗಳೂರು, ಹಾಸನ ಎಲ್ಲ ಮೈಸೂರು ಸಂಸ್ಥಾನದಲ್ಲಿದ್ದವು. ದೆಹಲಿಯಲ್ಲಿ ಬಾವುಟ ಹಾರಿದ ಮೇಲೂ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಹೇಳುವ ಸರ್ಕಾರಕ್ಕಾಗಿ, ‘ಮೈಸೂರು ಚಲೋ’ ಚಳವಳಿ ನಡೆಸಬೇಕಾಯಿತು. ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ಚಳವಳಿಯ ನಾಯಕ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನಲ್ಲಿ. ನಮ್ಮ ವೇದಿಕೆಯಲ್ಲಿ ಇದನ್ನು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಪ್ರತಿ ವರ್ಷ ಕೆಂಪುಕೋಟೆಯಿಂದ ಶುರುವಾಗಿ ಅಲ್ಲಿಗೇ ಮುಗಿಯುವ ಭಾಷಣ. ಹೆಸರಿಲ್ಲದೆ ಜೈಲು ಕಂಡ ಹುಡುಗರು, ಕೂಲಿಯವರು, ಹೆಂಗಸರು ಅದರೊಳಗೆ ಬರುವುದೇ ಇಲ್ಲ. ವೇದಿಕೆಯ ಮೇಲೆ ಇರುವವರೂ ಅದೇ ಮುಖಗಳು. ಇತಿಹಾಸದಿಂದ ಬಿಟ್ಟವರ ಮಕ್ಕಳನ್ನೇ ಕಾರ್ಯಕ್ರಮದಿಂದಲೂ ಬಿಡುತ್ತಿದ್ದೇವೆ.

“ರಾಷ್ಟ್ರೀಯ ಹಬ್ಬದಲ್ಲಿ ಆ ಊರಿನವರು, ಈ ಊರಿನವರು ಎಂಬ ಭೇದ ತರಬೇಡಿ, ಅಂದು ಎಲ್ಲರೂ ಭಾರತೀಯರು” ಎಂದು ಒಬ್ಬರು ನನಗೇ ಬುದ್ಧಿ ಹೇಳಿದರು. ಒಪ್ಪಿದೆ. ಭೇದ ತಂದವರು ಯಾರು? ಲೈನಿನ ಮಕ್ಕಳಿಗೆ ಬೇರೆ ನೃತ್ಯ ಎಂದು ವಿಂಗಡಿಸಿದ್ದು ನಾನಲ್ಲ. ಸಮಯ ಸಾಲದು ಎನ್ನುವುದೂ ಸುಳ್ಳು. ಹಾರ, ಶಾಲು, ಹಣ್ಣಿನ ಬುಟ್ಟಿಗೆ ಅರ್ಧ ಗಂಟೆ ಇದೆ. ಪೀಠಿಕೆ ಓದಲು ಎರಡು ನಿಮಿಷ ಸಾಕು.

ಆ ತಾಯಿ ಈ ಊರಿನ ಕಾಫಿ ಹಣ್ಣು ಕೊಯ್ಯುತ್ತಾರೆ, ಮಳೆಯಲ್ಲಿ ಕಳೆ ತೆಗೆಯುತ್ತಾರೆ. ಅವರ ಮಗಳು ನಮ್ಮ ಶಾಲೆಯಲ್ಲಿ ಕನ್ನಡ ಕಲಿತಿದ್ದಾಳೆ. ಊರಿನ ಮರ್ಯಾದೆ ಹೆಚ್ಚಲು ಇದಕ್ಕಿಂತ ಏನು ಬೇಕು ಎಂದು ನೆನೆದರೆ ಗಂಟಲು ಕಟ್ಟುತ್ತದೆ.

ಬುಧವಾರ ಸಂಜೆ ಕಾರ್ಯಕ್ರಮದ ಪಟ್ಟಿ ಅಂತಿಮವಾಗುತ್ತದೆ. ನಾನು ಹೋಗುತ್ತೇನೆ, ಈ ಮಾತನ್ನು ಮತ್ತೆ ಎತ್ತುತ್ತೇನೆ. ಊರಿನಲ್ಲಿರುವ ಗೆಳೆಯರು ದಯವಿಟ್ಟು ಬನ್ನಿ. ಆ ಹುಡುಗಿಯ ಹೆಸರು ಪಟ್ಟಿಗೆ ಸೇರುವ ತನಕ ನಾವು ಯಾರೂ ಏಳುವುದು ಬೇಡ.