ಚಂದ್ರನಿಗೆ ಬೆಳಕಿನ ಬರವೇ?

ಟೆಲಿಸ್ಕೋಪಿಗೆ ಬೈನೋವ್ಯೂವರ್ (ಎರಡೂ ಕಣ್ಣಿಟ್ಟು ನೋಡಲು ಜೋಡಿಸುವ ಸಾಧನ) ಹಾಕುವುದು ದುಡ್ಡು ದಂಡ, ಅರ್ಧ ಬೆಳಕು ಹೋಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಳಗಿನ ಪ್ರಿಸಂ ಬೆಳಕನ್ನು ಎರಡು ಕಣ್ಣಿಗೆ ಹಂಚುವುದು ನಿಜ. ಮಸುಕಾದ ಗ್ಯಾಲಕ್ಸಿಗೆ ಅದು ಬೇಡವೇ ಬೇಡ. ಆದರೆ ಚಂದ್ರನಿಗೆ ಬೆಳಕಿನ ಬರವೇ?

ನಾನು ಕಲಬುರಗಿಯಲ್ಲಿ ಮಾಳಿಗೆ ಮೇಲೆ 6 ಇಂಚಿನ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್) ಇಟ್ಟು ನೋಡುವವನು. (ಬೇಸಿಗೆಯಲ್ಲಿ ಹತ್ತು ಗಂಟೆ ಆದ ಮೇಲೇ. ಅಲ್ಲಿತನಕ ಫರಸಿ ಕಲ್ಲಿನ ಕಾವಿಗೆ ಚಂದ್ರನ ಅಂಚು ಕುದಿಯುವ ನೀರಿನ ಹಾಗೆ ಅಲ್ಲಾಡುತ್ತದೆ.) ಒಂದೇ ಕಣ್ಣಲ್ಲಿ ಜಾಸ್ತಿ ದೊಡ್ಡದು ಮಾಡಿ ನೋಡಿದರೆ, ನನ್ನ ಕಣ್ಣೊಳಗಿನ ಎಳೆಗಳೇ ಜೇಡರ ಬಲೆಯಂತೆ ಚಂದ್ರನ ಕೋಪರ್ನಿಕಸ್ ಕುಳಿಯ ಮೇಲೆ ತೇಲುತ್ತಿದ್ದವು. ಎರಡೂ ಕಣ್ಣಿಟ್ಟರೆ ಅವು ಹೆಚ್ಚುಕಡಿಮೆ ಮಾಯ. ಕುಳಿಯ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಆಳ ಇದೆ ಅನ್ನಿಸುವುದು ಮಾತ್ರ ಮೆದುಳಿನ ಆಟ. ಎರಡು ಕಣ್ಣಿಗೂ ಹೋಗುವುದು ಒಂದೇ ಚಿತ್ರ ಅಲ್ವಾ?

ನಿಜವಾದ ತೊಡಕು ಬೇರೆ, ಅದನ್ನು ನೀವು ಬರೆದಿಲ್ಲ. ಮೊದಲ ದಿನ ನನಗೆ ಫೋಕಸ್ಸೇ ಸಿಗಲಿಲ್ಲ. ಬೈನೋವ್ಯೂವರ್ ಒಳಗೆ ಬೆಳಕು ಸುಮಾರು 10 ಸೆಂ.ಮೀ. ಹೆಚ್ಚು ದೂರ ಹೋಗಬೇಕು. ನ್ಯೂಟೋನಿಯನ್ನಿನ ಫೋಕಸರ್ (ಫೋಕಸ್ ಮಾಡಲು ಒಳಗೆ ಹೊರಗೆ ಸರಿಸುವ ಕೊಳವೆ) ಅಷ್ಟು ಒಳಗೆ ಇಳಿಯುವುದಿಲ್ಲ. ಬೈನೋವ್ಯೂವರ್ ಮುಂದೆ, ಫೋಕಸ್ ಆಗುವ ಜಾಗವನ್ನು ಹೊರಗೆ ತಳ್ಳುವ ಬಾರ್ಲೋ ಲೆನ್ಸ್ ಸೇರಿಸಿದ ಮೇಲೆ ಸರಿಹೋಯಿತು. ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಕೂಡ ಒಂದೇ ನಮೂನೆಯವು ಎರಡೆರಡು ಕೊಳ್ಳಬೇಕು. ದುಡ್ಡಿನ ಮಾತು ಒಪ್ಪಿದೆ.