ಕೆಳಗಿನ ಸಾಲು ಓದ್ರಪ್ಪಾ!

ಇವತ್ತು ಒಂದು ಎಂಎಸ್ಸಿ ಸೈಕಾಲಜಿ ವೈವಾದಲ್ಲಿ ಕೂತು ಬಂದೆ. ತಲೆ ಇನ್ನೂ ಬಿಸಿಯಾಗೇ ಇದೆ. ನನ್ನ ಸ್ಟ್ಯಾಟಿಸ್ಟಿಕ್ಸ್ ಗೊಣಗಾಟ ಕೇಳಿ ಸಾಕಾದವರು ಇಲ್ಲಿಂದಲೇ ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಹುಡುಗಿ ಹಾಸ್ಟೆಲ್‌ನ 20 ಜನ, ಮನೆಯಿಂದ ಓಡಾಡುವ 60 ಜನರ ಒತ್ತಡ ಅಳೆದಿದ್ದಳು. ಹತ್ತು ಪ್ರಶ್ನೆ, 0ಯಿಂದ 40ರವರೆಗೆ ಅಂಕ. ಮನೆಯವರ ಅಂಕಗಳು ಒತ್ತೊತ್ತಾಗಿದ್ದವು, ಹಾಸ್ಟೆಲ್‌ನವರದು ಚೆಲ್ಲಾಪಿಲ್ಲಿ. ಅವಳು ವೆಲ್ಚ್ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ನಿಜಕ್ಕೂ ಬೇರೆಯಾ ಅಂತ ನೋಡುವ ಲೆಕ್ಕ) ಮಾಡಿದ್ದಳು. ಸರಿಯಾಗೇ ಇತ್ತು. ಪರೀಕ್ಷಕರು ಮಾತ್ರ, "ಲೆವೀನ್ ಟೆಸ್ಟ್‌ನಲ್ಲಿ ಪಿ 0.06 ಇದೆಯಲ್ಲಮ್ಮಾ, ಮೇಲಿನ ಸಾಲು ಯಾಕೆ ಬರೆದಿಲ್ಲ?" ಅಂತ ಹಿಡಿದುಕೊಂಡರು. ಲೆವೀನ್ ಅಂದರೆ ಎರಡು ಗುಂಪಿನ ಅಂಕಗಳ ಹರಡುವಿಕೆ ಬೇರೆಯಾ ಅಂತ ನೋಡುವ ಟೆಸ್ಟ್; ಪಿ 0.05ಕ್ಕಿಂತ ಕಮ್ಮಿ ಬಂದರೆ ಮಾತ್ರ 'ಬೇರೆ' ಅನ್ನುವುದು ರೂಢಿ.

ಎಸ್‌ಪಿಎಸ್‌ಎಸ್ ಅನ್ನುವ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರಲ್ಲಿ ಟಿ-ಟೆಸ್ಟ್ ಮಾಡಿದವರಿಗೆ ಉತ್ತರದ ಟೇಬಲ್‌ನ ಆ ಎರಡು ಸಾಲು ಗೊತ್ತು. ಮೇಲಿನದು ಎರಡೂ ಗುಂಪಿನ ಅಂಕಗಳು ಒಂದೇ ಥರ ಹರಡಿವೆ ಅಂತ ನಂಬಿಕೊಂಡ ಸ್ಟೂಡೆಂಟ್ ಟೆಸ್ಟ್. ಕೆಳಗಿನದು ಹಾಗೆ ನಂಬದ ವೆಲ್ಚ್. ಯಾವುದನ್ನು ಓದಬೇಕು ಅಂತ ಲೆವೀನ್ ಹತ್ತಿರ ಶಾಸ್ತ್ರ ಕೇಳುವ ಪದ್ಧತಿ ನಮ್ಮದು. 20 ಜನರ ಗುಂಪಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ ಅಂದಮಾತ್ರಕ್ಕೆ ವ್ಯತ್ಯಾಸವೇ ಇಲ್ಲ ಅಂತಲಾ ಸಾರ್?

ಲೆಕ್ಕ ಹಾಕಿ ನೋಡಿ. 20 ಜನರ ಗುಂಪಿನ ಸ್ಟ್ಯಾಂಡರ್ಡ್ ಡಿವಿಯೇಷನ್ (ಅಂಕಗಳು ಎಷ್ಟು ಹರಡಿವೆ ಅನ್ನುವ ಅಳತೆ) 60 ಜನರದಕ್ಕಿಂತ ಎರಡರಷ್ಟಿದೆ ಅಂದುಕೊಳ್ಳಿ. ಸರಾಸರಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಮೇಲಿನ ಸಾಲು "ಇದೆ, ಇದೆ" ಅನ್ನುವುದು 5% ಸಲ ಅಲ್ಲ, ಹತ್ತಿರಹತ್ತಿರ 15% ಸಲ. ಮೂರು ಪಟ್ಟು ಸುಳ್ಳು!

ಹರಡುವಿಕೆ ನಿಜಕ್ಕೂ ಒಂದೇ ಇದ್ದರೆ ಸ್ಟೂಡೆಂಟ್ ಟೆಸ್ಟ್‌ಗೆ ಪವರ್ (ಇರುವ ವ್ಯತ್ಯಾಸವನ್ನು ಹಿಡಿಯುವ ಶಕ್ತಿ) ಜಾಸ್ತಿ ಅಲ್ವಾ ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಹೌದು, ಚೂರು ಜಾಸ್ತಿ. ಆ ಚೂರಿಗೋಸ್ಕರ ಇಷ್ಟು ರಿಸ್ಕ್ ಬೇಕಾ? ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗೊಸೆಟ್, 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಆ ಟೆಸ್ಟ್ ಬಗ್ಗೆ ಬರೆದದ್ದು 1908ರಲ್ಲಿ. ವೆಲ್ಚ್ ತಿದ್ದುಪಡಿ ಬಂದದ್ದು 1947ರಲ್ಲಿ. ಆರ್ ಸಾಫ್ಟ್‌ವೇರಲ್ಲಿ ಸುಮ್ನೆ ಟಿ-ಟೆಸ್ಟ್ ಅಂದರೆ ವೆಲ್ಚೇ ಬರುತ್ತದೆ. ಸೈಕಾಲಜಿಯವರು ವೆಲ್ಚ್ ಅನ್ನೇ ಮಾಮೂಲಿ ಮಾಡಿಕೊಳ್ಳಬೇಕು ಅಂತ ಡೆಲಾಕ್ರ್, ಲಾಕೆನ್ಸ್, ಲೇಯ್ಸ್ 2017ರಲ್ಲೇ ಬರೆದಾಗಿದೆ. ನಮ್ಮ ನೋಟ್ಸ್ ಮಾತ್ರ ಜೆರಾಕ್ಸ್ ಮೇಲೆ ಜೆರಾಕ್ಸ್ ಆಗುತ್ತಲೇ ಇದೆ.

ನಿಜ ಹೇಳಬೇಕಂದರೆ, ಪಕ್ಕದಲ್ಲಿದ್ದ ಇನ್ನೊಬ್ಬರ ಮಾತಿಗೇ ನನಗೆ ಜಾಸ್ತಿ ಉರಿದದ್ದು. "ಅನುಮಾನ ಇದ್ದರೆ ಮ್ಯಾನ್-ವಿಟ್ನಿ ಟೆಸ್ಟ್ ಮಾಡಿಬಿಡಮ್ಮಾ, ಅದಕ್ಕೆ ಯಾವ ಷರತ್ತೂ ಇಲ್ಲ" ಅಂದರು. ಇದೆ ಮೇಡಂ! ಹರಡುವಿಕೆ ಬೇರೆಬೇರೆ ಇದ್ದರೆ ಅದೂ ಎಡವುತ್ತದೆ. ಅದು ಸರಾಸರಿಯನ್ನು ಹೋಲಿಸುವುದೂ ಇಲ್ಲ. ಈ ಗುಂಪಿನ ಒಬ್ಬರು, ಆ ಗುಂಪಿನ ಒಬ್ಬರನ್ನು ಸುಮ್ನೆ ಆರಿಸಿದರೆ ಯಾರ ಅಂಕ ಜಾಸ್ತಿ ಇರುವ ಸಾಧ್ಯತೆ ಹೆಚ್ಚು ಅಂತ ನೋಡುತ್ತದೆ. ಹುಡುಗಿ ಕೇಳಿದ್ದು ಸರಾಸರಿ.