ಯಜಮಾನರು ಬಂದಿಲ್ವಾ?

ಎರಡು ಲಕ್ಷ ಮುದ್ರಾ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ನನ್ನ ಟೈಲರಿಂಗ್ ಅಂಗಡಿಗೆ ಒಂದು ಓವರ್‌ಲಾಕ್, ಒಂದು ಜಿಗ್‌ಜಾಗ್ ಮಷಿನ್ ಬೇಕಿತ್ತು. ಕೈಯಲ್ಲಿ ಕೊಟೇಶನ್ ಇತ್ತು, ಮೂರು ವರ್ಷದ ಲೆಕ್ಕ ಇತ್ತು, ಸಾಲ ಸರಿಯಾಗಿ ತೀರಿಸುವವರಿಗೆ ಸಿಗುವ ಒಳ್ಳೆಯ ಅಂಕ, 780 ಸಿಬಿಲ್ ಸ್ಕೋರ್ ಇತ್ತು. ಸಾಹೇಬರು ಫೈಲ್ ಮುಟ್ಟಲಿಲ್ಲ. ನನ್ನ ಬೆನ್ನ ಹಿಂದೆ ಇಣುಕಿ ನೋಡಿ ಕೇಳಿದರು: "ಯಜಮಾನರು ಬಂದಿಲ್ವಾ ಮೇಡಂ?"

ಯಜಮಾನಿ ನಾನೇ ಅಂದೆ. ಸುಳ್ಳಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ 'ಮನೆ ಯಜಮಾನಿ' ಅಂತಲೇ ಬರುವುದು, ಅದೂ ಇದೇ ಬ್ಯಾಂಕಿನ ಖಾತೆಗೆ. ದುಡ್ಡು ಬರುವಾಗ ಯಜಮಾನಿ, ದುಡ್ಡು ಕೇಳುವಾಗ ಯಜಮಾನರ ಹೆಂಡತಿ.

ಮಕ್ಕಳೆಷ್ಟು? ಒಂದೇನಾ? ಇನ್ನೊಂದರ ಯೋಚನೆ ಇದೆಯಾ? ಅತ್ತೆ ಜೊತೆಗಿದ್ದಾರಾ? ನನ್ನನ್ನು ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ. ಅವರು ಉಪ್ಪಿಟ್ಟು, ಕೇಸರಿಬಾತ್ ತಿಂದಾದರೂ ಕೇಳಿದ್ದರು.

"ಯಾವ ಕಡೆಯವರು ನೀವು?"

"ತುಮಕೂರು ಕಡೆ ಸಾರ್."

"ಅಲ್ಲ, ಅಂದ್ರೆ... ಯಾವ ಜನ?"

ಫಾರಂನಲ್ಲಿ ಅದಕ್ಕೊಂದು ಕಾಲಂ ಇದೆ. ಯೋಜನೆಗಳಿಗೆ ಬೇಕಾಗುತ್ತೆ, ಒಪ್ಪೋಣ. ತುಂಬಿಯೂ ಇದ್ದೆ. ಆಮೇಲೂ ದನಿ ತಗ್ಗಿಸಿ ಕೇಳುವುದು ಯಾವ ಯೋಜನೆಗೆ? ಲಿಂಗ, ಜಾತಿ, ಧರ್ಮ ನೋಡಿ ಸಾಲದಲ್ಲಿ ಭೇದ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಹೇಳಿದೆ. ಛೇ, ನಮ್ಮ ಸಾಹೇಬರು ಭೇದ ಮಾಡುವವರಲ್ಲ. ಸುಮ್ನೆ ಕೇಳ್ತಾರೆ ಅಷ್ಟೇ.

ಅವರ ತಲೆ ಮೇಲೆಯೇ ಒಂದು ಪೋಸ್ಟರ್ ನಗುತ್ತಿತ್ತು. ಗೃಹಸಾಲದಲ್ಲಿ ಮಹಿಳೆಯರಿಗೆ ಶೇ 0.05 ಬಡ್ಡಿ ರಿಯಾಯಿತಿ! ಇಪ್ಪತ್ತು ಲಕ್ಷಕ್ಕೆ ವರ್ಷಕ್ಕೆ 1,000 ರೂಪಾಯಿ. ಇಷ್ಟೆಲ್ಲ ಪ್ರಶ್ನೆಗೆ ಉತ್ತರ ಹೇಳುವ ಕೂಲಿ ಇರಬೇಕು.

"ಮುದ್ರಾಗೆ ಜಾಮೀನು ಬೇಡ ಅಲ್ವಾ ಸಾರ್?"

"ಜಾಮೀನಲ್ಲ ಮೇಡಂ. ಯಜಮಾನರದ್ದು ಒಂದು ಸೈನ್. ಸಹ ಅರ್ಜಿದಾರರು ಅಂತ."

ಮರುದಿನ ನಮ್ಮ ಯಜಮಾನರನ್ನು ಕರೆದುಕೊಂಡು ಹೋದೆ. ಬೈಕಿನ ಕಂತು ಕಟ್ಟದೆ ಆರು ತಿಂಗಳಿಂದ ಫೈನಾನ್ಸಿನವರ ಫೋನ್ ಎತ್ತದ ಮನುಷ್ಯ. ಸಾಹೇಬರು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಕಾಫಿ ತರಿಸಿದರು. ಮಕ್ಕಳ ಯೋಚನೆ ಬಗ್ಗೆ ಇವರನ್ನು ಏನೂ ಕೇಳಲಿಲ್ಲ. ಇವರು ಓದದೆಯೇ ಸೈನ್ ಹಾಕಿದರು.

ಸಾಲ ಕೊಡದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು ಎಂಬುದೂ ರಿಸರ್ವ್ ಬ್ಯಾಂಕಿನ ನಿಯಮವೇ. ಇದೊಂದನ್ನು ಮಾತ್ರ ಸಾಹೇಬರು ಚಾಚೂ ತಪ್ಪದೆ ಪಾಲಿಸಿದರು. ಹದಿನೈದು ದಿನಕ್ಕೆ ಪತ್ರ ಬಂತು. ಅದರಲ್ಲಿ ಒಂದೇ ಸಾಲು: "ಸಹ ಅರ್ಜಿದಾರರ ಸಿಬಿಲ್ ಸ್ಕೋರ್ ಕಡಿಮೆ ಇದೆ."